ಕ್ರಿಯಾಟಿನಿನ್ 1.1, ನಾರ್ಮಲ್ ಅಂದರು: ಹಾಗಾದರೆ ಅತ್ತೆಯವರ ಕಿಡ್ನಿ ಚೆನ್ನಾಗಿದೆಯಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅತ್ತೆಯವರಿಗೆ 58 ವರ್ಷ. ಶುಗರ್ ಬಂದು 11 ವರ್ಷ ಆಯಿತು, ಬಿಪಿಯೂ ಇದೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 1.1 ಬಂತು. ರಿಪೋರ್ಟಿನಲ್ಲಿ 0.6ರಿಂದ 1.2 ಅಂತ ಇದ್ದಿದ್ದರಿಂದ ಲ್ಯಾಬಿನವರು ನಾರ್ಮಲ್ ಅಂದರು. ಆದರೆ ಅವರ ತಮ್ಮನಿಗೆ, ಅಂದರೆ ನಮ್ಮ ಯಜಮಾನರ ಸೋದರಮಾವನಿಗೆ, ಶುಗರ್‌ನಿಂದಲೇ ಕಿಡ್ನಿ ಹೋಗಿ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದನ್ನು ನೋಡಿ ಅತ್ತೆ ಹೆದರಿದ್ದಾರೆ. 'ಶುಗರ್ ಮಾತ್ರೆಯಿಂದಲೇ ಕಿಡ್ನಿ ಹಾಳಾಗೋದು' ಅಂತ ಯಾರೋ ಹೇಳಿದ್ದಕ್ಕೆ ಮೆಟ್‌ಫಾರ್ಮಿನ್ ಅರ್ಧ ಮಾಡಿಕೊಂಡಿದ್ದಾರೆ. ಶುಗರ್ ಇರುವವರಲ್ಲಿ ನಿಜಕ್ಕೂ ಎಷ್ಟು ಜನಕ್ಕೆ ಕಿಡ್ನಿ ಕಾಯಿಲೆ ಬರುತ್ತದೆ? ಎಲ್ಲರಿಗೂ ಬಂದೇ ಬರುತ್ತಾ? ಊಟದಲ್ಲಿ ಏನು ಬಿಡಿಸಬೇಕು?

ಉತ್ತರ: ಎಲ್ಲರಿಗೂ ಬರುವುದಿಲ್ಲ. ಮೊದಲು ಇಷ್ಟನ್ನು ಅತ್ತೆಯವರಿಗೆ ಓದಿ ಹೇಳಿ, ಆಮೇಲೆ ಮುಂದೆ ಓದಿ.

ಶುಗರ್ ಇರುವ ಹತ್ತು ಜನರನ್ನು ಜಗಲಿ ಮೇಲೆ ಸಾಲಾಗಿ ಕೂರಿಸಿ ಸರಿಯಾಗಿ ಪರೀಕ್ಷೆ ಮಾಡಿದರೆ, ಸುಮಾರು ಮೂರು ಜನರಲ್ಲಿ ಕಿಡ್ನಿ ಕಾಯಿಲೆಯ ಗುರುತು ಸಿಗುತ್ತದೆ. ವೈದ್ಯಕೀಯ ಪುಸ್ತಕಗಳು ನೂರಕ್ಕೆ 20ರಿಂದ 40 ಅನ್ನುತ್ತವೆ. ಅಮೆರಿಕದ ಸರ್ಕಾರಿ ಲೆಕ್ಕ ಮೂವರಲ್ಲಿ ಒಬ್ಬರು ಅನ್ನುತ್ತದೆ. ನಮ್ಮ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ ಅಂತ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ಹೇಳಿತು. ಅದರಲ್ಲಿ ಮೂರನೇ ಒಂದು ಭಾಗ ಅಂದರೂ ಮೂರು ಕೋಟಿ ದಾಟುತ್ತದೆ. ಈ ಮೂರು ಕೋಟಿ ನನ್ನ ಬಾಯಿಲೆಕ್ಕ ಅಷ್ಟೇ, ಯಾರೂ ತಲೆ ಎಣಿಸಿಲ್ಲ. ಆದರೂ ಅಂದಾಜಿಗೆ ಸಾಕು.

ಇಷ್ಟು ಹೇಳಿ ಉತ್ತರ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರದಲ್ಲಿದ್ದ ಆ 1.1 ನೋಡಿ ನಾನು ಕ್ಯಾಲ್ಕುಲೇಟರ್ ತಗೊಂಡು ಕೂತೆ.

ಕ್ರಿಯಾಟಿನಿನ್ ಅಂದರೆ ನಮ್ಮ ಸ್ನಾಯುಗಳಿಂದ ದಿನಾ ರಕ್ತಕ್ಕೆ ಬೀಳುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ನಿಧಾನವಾದರೆ ಕಸ ರಕ್ತದಲ್ಲಿ ಉಳಿದು ಸಂಖ್ಯೆ ಏರುತ್ತದೆ. ಆದರೆ ಕಸ ಎಷ್ಟು ಹುಟ್ಟುತ್ತದೆ ಅನ್ನುವುದು ಆಳಿನಿಂದ ಆಳಿಗೆ ಬೇರೆ. ತೋಟದಲ್ಲಿ ಅಡಿಕೆ ಗೊನೆ ಹೊರುವ 25ರ ಹುಡುಗನ ಮೈಯಲ್ಲಿ ಸ್ನಾಯು ಜಾಸ್ತಿ, ಹಾಗಾಗಿ ಕ್ರಿಯಾಟಿನಿನ್ ಕೂಡ ಜಾಸ್ತಿ ಹುಟ್ಟುತ್ತದೆ. 58ರ ಹೆಂಗಸಿನಲ್ಲಿ ಕಡಿಮೆ. ಅದಕ್ಕೇ ಬರೀ ಕ್ರಿಯಾಟಿನಿನ್ ನೋಡದೆ ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನೂ ಸೇರಿಸಿ ಇಜಿಎಫ್‌ಆರ್ ಅಂತ ಒಂದು ಲೆಕ್ಕ ಮಾಡುತ್ತೇವೆ. ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಅನ್ನುವ ಅಂದಾಜು ಅದು. 2021ರ ಸೂತ್ರ ಹಾಕಿದರೆ, ಕ್ರಿಯಾಟಿನಿನ್ 1.1 ಇರುವ 25ರ ಹುಡುಗನಿಗೆ 95ರ ಆಸುಪಾಸು ಬರುತ್ತದೆ. ಅದೇ 1.1 ಇರುವ ನಿಮ್ಮ ಅತ್ತೆಯವರಿಗೆ 58.

60ಕ್ಕಿಂತ ಕೆಳಗೆ ಮೂರು ತಿಂಗಳಿಗಿಂತ ಜಾಸ್ತಿ ಕಾಲ ಇದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತೇವೆ. ಅಂದರೆ ಲ್ಯಾಬಿನವರು ನಾರ್ಮಲ್ ಅಂದ ಅದೇ ಕಾಗದದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಲ್ಯಾಬಿನವರ ತಪ್ಪು ಅನ್ನೋಕಾಗಲ್ಲ, ಅವರು ಅಚ್ಚಾದ ರೇಂಜ್ ನೋಡಿ ಹೇಳಿದರು. ಈಗ ಕೆಲವು ಲ್ಯಾಬ್‌ಗಳು ಇಜಿಎಫ್‌ಆರ್ ಕೂಡ ಅಚ್ಚು ಹಾಕಿ ಕೊಡುತ್ತವೆ. ಕೊಡದಿದ್ದರೆ ನೀವೇ ಕೇಳಿ.

ಗಾಬರಿ ಬೇಡ. ಒಂದೇ ಒಂದು ಸಲದ 58 ನೋಡಿ ಯಾರಿಗೂ ಕಾಯಿಲೆಯ ಹಣೆಪಟ್ಟಿ ಕಟ್ಟಬಾರದು. ಹಿಂದಿನ ದಿನ ವಾಂತಿ ಭೇದಿ ಆಗಿದ್ದರೆ, ನೀರು ಕುಡಿಯದೆ ಬಿಸಿಲಲ್ಲಿ ಅಡಿಕೆ ಹರವಿದ್ದರೆ, ರಾತ್ರಿ ಗಡದ್ದಾಗಿ ಮಾಂಸದೂಟ ಆಗಿದ್ದರೆ, ಮಂಡಿನೋವಿಗೆ ಮಾತ್ರೆ ನುಂಗಿದ್ದರೆ ಕ್ರಿಯಾಟಿನಿನ್ ಸ್ವಲ್ಪ ಏರಿರುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಹಳೆಯ ರಿಪೋರ್ಟುಗಳಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಹಳೆ ರಿಪೋರ್ಟನ್ನೆಲ್ಲ ಒಲೆಗೆ ಹಾಕುವ ಅಭ್ಯಾಸ ಇದೆ, ದಯವಿಟ್ಟು ಹಾಕಬೇಡಿ. ಐದು ವರ್ಷದ ಹಿಂದೆ 0.8 ಇದ್ದು ಈಗ 1.1 ಆಗಿದ್ದರೆ ಅದು ಒಂದು ಕಥೆ, ಹತ್ತು ವರ್ಷದಿಂದ 1.1ರಲ್ಲೇ ನಿಂತಿದ್ದರೆ ಬೇರೆಯೇ ಕಥೆ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮೂತ್ರದ್ದು.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಪುಟ್ಟ ಪುಟ್ಟ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ನೀರನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ವಾಪಸ್ ಎಳೆದುಕೊಂಡು, ಒಂದೂವರೆ ಲೀಟರ್ ಆಚೀಚೆ ಮಾತ್ರ ಮೂತ್ರವಾಗಿ ಬಿಡುತ್ತವೆ. ಶುಗರ್ ಶುರುವಾದ ಹೊಸತರಲ್ಲಿ ಈ ಜರಡಿಗಳ ಒಳಗೆ ಒತ್ತಡ ಏರಿ ಅವು ಜಾಸ್ತಿ ಕೆಲಸ ಮಾಡುತ್ತವೆ. ಆಗ ಕ್ರಿಯಾಟಿನಿನ್ ನೋಡಿದರೆ ಬಹಳ ಚೆನ್ನಾಗಿರುತ್ತದೆ, ಎಲ್ಲರಿಗೂ ಖುಷಿ. ವರ್ಷಗಟ್ಟಲೆ ಹಾಗೇ ಮೈಮುರಿದು ದುಡಿದು ದುಡಿದು ಜರಡಿಯ ಕಣ್ಣುಗಳು ಹಿಗ್ಗುತ್ತವೆ. ಕಾಫಿ ಫಿಲ್ಟರಿನ ತೂತು ದೊಡ್ಡದಾದರೆ ಡಿಕಾಕ್ಷನ್ ಜೊತೆ ಪುಡಿಯೂ ಇಳಿಯುತ್ತದಲ್ವಾ, ಹಾಗೆ ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಇಳಿಯುತ್ತದೆ. ಕ್ರಿಯಾಟಿನಿನ್ ಮಾತ್ರ ಆಗಲೂ ಸುಮ್ಮನಿರುತ್ತದೆ. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ರೇಂಜ್ ಒಳಗೇ ಇರಬಹುದು.

ಹಾಗಾಗಿ 'ಎಷ್ಟು ಜನಕ್ಕೆ' ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಯಾವ ಪರೀಕ್ಷೆಯಿಂದ ಎಣಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಯುಕೆಪಿಡಿಎಸ್ ಅನ್ನುವ ಅಧ್ಯಯನ ಇದೆ. ಹೊಸದಾಗಿ ಶುಗರ್ ಪತ್ತೆಯಾದ ಐದು ಸಾವಿರ ಜನರನ್ನು ಬೆನ್ನುಹತ್ತಿ ನೋಡಿದರು. ಹತ್ತು ವರ್ಷ ಆಗುವ ಹೊತ್ತಿಗೆ ಕಾಲು ಭಾಗ ಜನರ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡಿತ್ತು. ಜೋರಾಗಿ ಸೋರುತ್ತಿದ್ದವರು ನೂರಕ್ಕೆ ಐದು. ಕ್ರಿಯಾಟಿನಿನ್ 2ರ ಹತ್ತಿರ ಮುಟ್ಟಿದವರು ಅಥವಾ ಡಯಾಲಿಸಿಸ್‌ಗೆ ಹೋದವರು? ನೂರಕ್ಕೆ ಒಬ್ಬರೂ ಇಲ್ಲ. ಅದೇ ಜನ, ಅದೇ ಹತ್ತು ವರ್ಷ. ಮೂತ್ರ ನೋಡಿದವನಿಗೆ ನಾಲ್ವರಲ್ಲಿ ಒಬ್ಬರು ಕಂಡರೆ, ಕ್ರಿಯಾಟಿನಿನ್ 2 ಆಗಲಿ ಅಂತ ಕಾಯುತ್ತಾ ಕೂತವನಿಗೆ ಹೆಚ್ಚುಕಮ್ಮಿ ಯಾರೂ ಕಾಣಲಿಲ್ಲ.

ನಮ್ಮೂರುಗಳಲ್ಲಿ ನಡೆಯುತ್ತಿರುವುದು ಈ ಎರಡನೆಯದು. ಶುಗರ್ ಚೆಕ್ ಅಂದರೆ ಫಾಸ್ಟಿಂಗ್, ಊಟ ಆದಮೇಲಿನದ್ದು, ಮುಗೀತು. ತಿಂಗಳು ತಿಂಗಳು ತಪ್ಪದೆ ಮಾಡಿಸುತ್ತಾರೆ, ಡೈರಿಯಲ್ಲಿ ಬರೆದಿಡುತ್ತಾರೆ. ಮೂತ್ರದ ಆಲ್ಬುಮಿನ್ ಒಂದು ಸಲವಾದರೂ ನೋಡಿಸಿದ್ದೀರಾ ಅಂತ ಕೇಳಿದರೆ, ಹತ್ತು ಹದಿನೈದು ವರ್ಷದಿಂದ ಶುಗರ್ ಇರುವವರೂ ಮುಖ ಮುಖ ನೋಡುತ್ತಾರೆ. 'ಯೂರಿನ್ ಟೆಸ್ಟ್ ಮಾಡಿಸಿದೀವಿ ಸಾರ್' ಅಂತ ತೋರಿಸುವುದು ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆ. ಅದರಲ್ಲಿ 'ನಿಲ್' ಅಂತ ಬಂದರೂ ಸಣ್ಣ ಪ್ರಮಾಣದ ಸೋರಿಕೆ ತಪ್ಪಿಸಿಕೊಳ್ಳುತ್ತದೆ. ಬೇಕಾದದ್ದು ಎಸಿಆರ್, ಅಂದರೆ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಎರಡನ್ನೂ ಅಳೆದು ಹೋಲಿಸುವ ಪರೀಕ್ಷೆ. 30ರ ಒಳಗಿದ್ದರೆ ಸರಿ. 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಜೋರಾಗಿದೆ. ಅಮೆರಿಕದಲ್ಲೇ ಕಿಡ್ನಿ ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ತಮಗಿದೆ ಅಂತಲೇ ಗೊತ್ತಿಲ್ಲವಂತೆ, ಇನ್ನು ನಮ್ಮ ಕಥೆ ಏನು ಹೇಳೋಣ.

ಅಡಿಕೆ ಬೆಳೆಯುವವರಿಗೆ ಇದನ್ನು ನಾನು ಕೊಳೆ ರೋಗ ಇಟ್ಟುಕೊಂಡೇ ಹೇಳುವುದು. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ಆಗ ಗೊನೆಯಲ್ಲಿ ಒಂದು ಕಾಯಿಯೂ ಕೊಳೆತಿರುವುದಿಲ್ಲ. ಕಾಯಿ ಉದುರಿ ಮರದ ಬುಡ ತುಂಬಿದ ಮೇಲೆ ಔಷಧಿ ಹೊಡೆಸೋಣ ಅಂತ ಯಾರೂ ಕಾಯುವುದಿಲ್ಲ. ಕಿಡ್ನಿ ವಿಷಯದಲ್ಲಿ ಮಾತ್ರ ನಾವು ಕಾಯಿ ಉದುರಲಿ ಅಂತ ಕಾಯುತ್ತೇವೆ. ಕಾಲು ಬಾವು ಬರಲಿ, ವಾಂತಿ ಆಗಲಿ, ಆಗ ನೋಡೋಣ. ಈ ಕಾಯಿಲೆ ಶುರುವಿನಲ್ಲಿ ನೋಯುವುದಿಲ್ಲ ನೋಡಿ, ಅದೇ ತೊಂದರೆ. ಸೊಂಟ ನೋವು ಬಂದರೆ ಕಿಡ್ನಿ ಅಂತ ಓಡಿ ಬರುವವರಿದ್ದಾರೆ, ಹೆಚ್ಚಿನ ಸಲ ಅದು ಬೆನ್ನುಮೂಳೆಯದ್ದೋ ಕಲ್ಲಿನದ್ದೋ ಆಗಿರುತ್ತದೆ. ಶುಗರ್‌ನಿಂದ ಬರುವ ಕಿಡ್ನಿ ಕಾಯಿಲೆಗೆ ನೋವೂ ಇಲ್ಲ, ಜ್ವರವೂ ಇಲ್ಲ. ಮೂತ್ರದಲ್ಲಿ ನೊರೆ ನಿಲ್ಲುತ್ತದೆ ಅಂತ ಕೆಲವರು ಗಮನಿಸುತ್ತಾರೆ, ಅದು ಸೋರಿಕೆ ಜಾಸ್ತಿ ಆದಮೇಲೆ.

ನಿಮ್ಮ ಯಜಮಾನರ ಸೋದರಮಾವನ ವಿಷಯಕ್ಕೆ ಬರೋಣ. ನಾನು ಅವರನ್ನು ನೋಡಿಲ್ಲ, ಅವರ ಬಗ್ಗೆ ಹೇಳುವ ಹಾಗಿಲ್ಲ. ಆದರೆ ಒಂದು ಮಾತು ಅತ್ತೆಯವರಿಗೆ ಅನ್ವಯ ಆಗುತ್ತದೆ. ಒಡಹುಟ್ಟಿದವರಿಗೆ ಶುಗರ್‌ನಿಂದ ಕಿಡ್ನಿ ಹೋಗಿದ್ದರೆ ಉಳಿದವರಿಗೂ ಅಪಾಯ ಸ್ವಲ್ಪ ಜಾಸ್ತಿ. ಬಂದೇ ಬರುತ್ತದೆ ಅಂತಲ್ಲ. ಎಚ್ಚರ ಜಾಸ್ತಿ ಬೇಕು ಅಂತ.

ಡಯಾಲಿಸಿಸ್‌ನಲ್ಲಿ ಇರುವವರನ್ನು ನೋಡಿ 'ಶುಗರ್ ಬಂದವರೆಲ್ಲ ಇಲ್ಲಿಗೇ ಬರೋದು' ಅನ್ನಿಸುವುದು ಸಹಜ. ನಮ್ಮಂಥ ಡಾಕ್ಟರುಗಳಿಗೂ ಹಾಗೇ ಅನ್ನಿಸಿಬಿಡುತ್ತದೆ, ಯಾಕೆಂದರೆ ಚೆನ್ನಾಗಿರುವವರು ನಮ್ಮ ಹತ್ತಿರ ಬರುವುದೇ ಇಲ್ಲ. ದೇಶದ ಕಿಡ್ನಿ ರೋಗಿಗಳ ನೋಂದಣಿಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ವಿವರ ಸೇರಿಸಿ 2012ರಲ್ಲಿ ಪ್ರಕಟಿಸಿದಾಗ, ನೂರಕ್ಕೆ 31 ಜನಕ್ಕೆ ಶುಗರ್ರೇ ಕಾರಣ ಅಂತ ಬಂತು. ಉಳಿದೆಲ್ಲ ಕಾರಣಗಳಿಗಿಂತ ಅದೇ ಮೊದಲು. ಇದನ್ನು ತಿರುಗಿಸಿ ಓದಬಾರದು. ಕಿಡ್ನಿ ಕೆಟ್ಟವರಲ್ಲಿ ಮೂರನೇ ಒಂದು ಭಾಗಕ್ಕೆ ಶುಗರ್ ಕಾರಣ ಅನ್ನುವುದು ಬೇರೆ, ಶುಗರ್ ಇರುವವರಲ್ಲಿ ಮೂರನೇ ಒಂದು ಭಾಗಕ್ಕೆ ಕಿಡ್ನಿ ಕಾಯಿಲೆ ಅನ್ನುವುದು ಬೇರೆ. ಎರಡೂ ಕಡೆ 'ಮೂರರಲ್ಲಿ ಒಂದು' ಬಂದಿದ್ದು ಕಾಕತಾಳೀಯ. ವಾಟ್ಸಾಪಿನಲ್ಲಿ ಇವೆರಡನ್ನೂ ಕಲಸಿ ಹಾಕಿ ಮೂರನೆಯದೇನೋ ಮಾಡಿ ಕಳಿಸುತ್ತಾರೆ.

ಇನ್ನೊಂದು ಕಹಿ ಮಾತು ಇಲ್ಲಿ ಹೇಳಲೇಬೇಕು. ಶುಗರ್ ಜೊತೆ ಕಿಡ್ನಿ ಕಾಯಿಲೆ ಬಂದವರಲ್ಲಿ ಡಯಾಲಿಸಿಸ್ ಮುಟ್ಟುವವರಿಗಿಂತ, ಅದಕ್ಕೆ ಮೊದಲೇ ಹೃದಯದ ತೊಂದರೆಯಿಂದ ಹೋಗುವವರು ಜಾಸ್ತಿ. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆ ಅಂದರೆ ಮೈಯೆಲ್ಲದರ ಸಣ್ಣ ರಕ್ತನಾಳಗಳೂ ನಲುಗಿವೆ ಅಂತ ಅರ್ಥ. ಅದಕ್ಕೇ ನಾವು ಬಿಪಿ, ಕೊಲೆಸ್ಟ್ರಾಲ್, ಬೀಡಿ ಅಂತ ಕಿಡ್ನಿ ಬಿಟ್ಟು ಊರೆಲ್ಲ ಮಾತಾಡುವುದು.

ಶುಗರ್ ಇರುವವರ ಕಿಡ್ನಿ ತೊಂದರೆಗೆಲ್ಲ ಶುಗರ್ರೇ ಕಾರಣ ಅಂತಲೂ ಅಲ್ಲ. ಮಲೆನಾಡಿನಲ್ಲಿ ಇದನ್ನು ಮರೆಯಬಾರದು. ಗದ್ದೆ ಕೆಲಸದವರಿಗೆ ಮಳೆಗಾಲದಲ್ಲಿ ಬರುವ ಇಲಿ ಜ್ವರ, ಕೊಳಕುಮಂಡಲದ ಕಡಿತ, ಇವು ನಾಲ್ಕೇ ದಿನದಲ್ಲಿ ಕಿಡ್ನಿ ಕೆಡಿಸಿ ಹೋಗಬಲ್ಲವು. ಹಳೆ ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್ ಊದಿ ಮೂತ್ರ ಕಟ್ಟುವುದು, ಬರೀ ಬಿಪಿ, ಇವೂ ಕಾರಣ ಆಗುತ್ತವೆ. ಒಂದು ಸುಳಿವು ಕಣ್ಣಿನಲ್ಲಿದೆ. ಶುಗರ್‌ನಿಂದ ಕಿಡ್ನಿ ಕೆಟ್ಟವರಲ್ಲಿ ಬಹಳ ಜನಕ್ಕೆ ಕಣ್ಣಿನ ಪರದೆಯಲ್ಲೂ ಶುಗರ್‌ನ ಗುರುತು ಇರುತ್ತದೆ. ಕಣ್ಣು ಪೂರ್ತಿ ಚೆನ್ನಾಗಿದ್ದು ಮೂತ್ರದಲ್ಲಿ ಜೋರಾಗಿ ಪ್ರೋಟೀನ್ ಹೋಗುತ್ತಿದ್ದರೆ ಬೇರೆ ಕಾರಣ ಇದೆಯಾ ಅಂತ ಹುಡುಕುತ್ತೇವೆ. ಅತ್ತೆಯವರ ಕಣ್ಣಿಗೆ ಔಷಧಿ ಬಿಟ್ಟು ಪರದೆ ನೋಡಿಸಿ ಎಷ್ಟು ದಿನ ಆಯಿತು?

ಈಗ ಮೆಟ್‌ಫಾರ್ಮಿನ್. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ತುಂಬಾ ಕೆಟ್ಟ ಮೇಲೆ ಮೆಟ್‌ಫಾರ್ಮಿನ್ ಮೈಯಲ್ಲಿ ಉಳಿದುಕೊಳ್ಳುತ್ತದೆ, ಅದಕ್ಕೆ ಇಜಿಎಫ್‌ಆರ್ 45ಕ್ಕಿಂತ ಇಳಿದರೆ ಡೋಸ್ ಕಡಿಮೆ ಮಾಡುತ್ತೇವೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತೇವೆ. ಕಿಡ್ನಿ ಕೆಟ್ಟಿತು ಅಂತ ಡಾಕ್ಟರು ಮಾತ್ರೆ ನಿಲ್ಲಿಸಿದ್ದನ್ನು ನೋಡಿದ ಜನ, ಮಾತ್ರೆಯಿಂದಲೇ ಕೆಟ್ಟಿತು ಅಂತ ಹೇಳುತ್ತಾ ಹೋದರು. ಕಾರಣ ಯಾವುದು, ಪರಿಣಾಮ ಯಾವುದು ಅಂತ ತಲೆಕೆಳಗಾಗಿ ಹೋಯಿತು. ಅತ್ತೆಯವರ ಇಜಿಎಫ್‌ಆರ್ 58ರಲ್ಲಿದ್ದರೆ ಪೂರ್ತಿ ಡೋಸ್ ತಗೊಳ್ಳಲು ಸಾಮಾನ್ಯವಾಗಿ ಅಡ್ಡಿ ಇಲ್ಲ. ಅರ್ಧ ಮಾಡಿಕೊಂಡದ್ದನ್ನು ಅವರ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಎಷ್ಟೋ ಸಲ ಮಾತ್ರೆ ಬಿಟ್ಟಿದ್ದು ಗೊತ್ತಿಲ್ಲದೆ ನಾವು ಹೊಸ ಮಾತ್ರೆ ಬರೆದು ಕೂರುತ್ತೇವೆ.

ಮಾತ್ರೆ ಅಂದಮೇಲೆ, ನಿಜವಾಗಿಯೂ ಹೆದರಬೇಕಾದ್ದು ಬೇರೆ ಇದೆ, ಅದನ್ನು ಯಾರೂ ಹೆದರುವುದಿಲ್ಲ. ಕೊಯ್ಲಿನ ಹೊತ್ತಿಗೆ ಮೈಕೈ ನೋವು ಅಂತ ಅಂಗಡಿಯಿಂದ ತಂದು ನುಂಗುವ ಮಾತ್ರೆ. ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ಐಬುಪ್ರೊಫೇನ್, ಹೆಸರು ಯಾವುದಾದರೂ ಆಗಲಿ. ಒಂದು ಅಡಿಕೆ ಸೀಸನ್ ಪೂರ್ತಿ ಬೆಳಿಗ್ಗೆ ಒಂದು ರಾತ್ರಿ ಒಂದು ನುಂಗಿ, ಅದರ ಮೇಲೆ ಬಿಪಿ ಮಾತ್ರೆಯೂ ಇದ್ದು, ಒಂದು ದಿನ ಭೇದಿ ಹತ್ತಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಶುಗರ್ ಮಾತ್ರೆ ಹೀಟು ಅಂತ ಬಿಟ್ಟಿದ್ದರು, ನೋವಿನ ಮಾತ್ರೆ ಬಿಟ್ಟಿರಲಿಲ್ಲ. ನೋವಿಗೆ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಹಚ್ಚುವ ಎಣ್ಣೆ, ಬಿಸಿ ಶಾಖ ಇದ್ದೇ ಇದೆ. ನಾಟಿ ಔಷಧಿ ಬೇಡವೇ ಬೇಡ ಅನ್ನುವ ಪೈಕಿ ನಾನಲ್ಲ, ನಮ್ಮಮ್ಮನ ಕಷಾಯ ಕುಡಿದೇ ಬೆಳೆದವನು. ಆದರೆ ಒಳಗೆ ಏನಿದೆ ಅಂತ ಹೇಳದ ಪುಡಿ, ಭಸ್ಮ ಬೇಡ. ಅಂಥ ಕೆಲವದರಲ್ಲಿ ಸೀಸ, ಪಾದರಸ ಸಿಕ್ಕಿದ್ದಿದೆ.

ಒಂದು ಮೋಸದ ಲಕ್ಷಣ ಗೊತ್ತಿರಲಿ. ಹತ್ತು ವರ್ಷ ಶುಗರ್ ಜೊತೆ ಗುದ್ದಾಡಿದವರು ಒಂದು ದಿನ ಬಂದು, 'ಡಾಕ್ಟ್ರೇ, ಶುಗರ್ ತಾನಾಗೇ ಇಳಿದಿದೆ, ಮಾತ್ರೆ ಅರ್ಧ ಮಾಡಿದರೂ ಲೋ ಆಗ್ತಿದೆ' ಅಂತ ಖುಷಿಯಲ್ಲಿ ಹೇಳುತ್ತಾರೆ. ನನಗೆ ಖುಷಿ ಆಗುವುದಿಲ್ಲ. ಇನ್ಸುಲಿನ್ನನ್ನು, ಕೆಲವು ಶುಗರ್ ಮಾತ್ರೆಗಳನ್ನು ಮೈಯಿಂದ ಕಳೆಯುವ ಕೆಲಸದಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತರೆ ಅವು ಮೈಯಲ್ಲೇ ಉಳಿದು ಶುಗರ್ ಕೆಳಗೆ ಎಳೆಯುತ್ತವೆ. ಹಸಿವೂ ಕಡಿಮೆ ಆಗಿರುತ್ತದೆ. ರಕ್ತ ಕಡಿಮೆ ಆದಾಗ ಮೂರು ತಿಂಗಳ ಸರಾಸರಿ ಅಂತ ಮಾಡಿಸುವ ಎಚ್‌ಬಿಎ1ಸಿ ಕೂಡ ಸುಳ್ಳು ಹೇಳಬಹುದು. ಕಾರಣ ಇಲ್ಲದೆ ಶುಗರ್ ಇಳಿಯತೊಡಗಿದರೆ ಹಬ್ಬ ಮಾಡಬೇಡಿ, ಕಿಡ್ನಿ ನೋಡಿಸಿ.

ಕಾಯಿಲೆ ಇದೆ ಅಂತಲೇ ಗೊತ್ತಾಯಿತು ಅಂದುಕೊಳ್ಳಿ, ಆಗ ಏನು? ನಾನು ಓದುವಾಗ ಇದಕ್ಕೆ ಹೆಚ್ಚು ಉತ್ತರ ಇರಲಿಲ್ಲ. ಬಿಪಿಯನ್ನು 130/80ರ ಒಳಗೆ ಇಡುವುದು, ಅದರಲ್ಲೂ ಲೋಸಾರ್ಟಾನ್, ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಮಾತ್ರೆ ಕೊಡುವುದು. ಇವು ಜರಡಿಯೊಳಗಿನ ಒತ್ತಡವನ್ನೇ ಇಳಿಸುತ್ತವೆ. 2001ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳು ಇದನ್ನು ಟೈಪ್ 2 ಶುಗರ್‌ನವರಲ್ಲಿ ತೋರಿಸಿದವು. ಶುರು ಮಾಡಿದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ನೂರಕ್ಕೆ 30ರವರೆಗೆ ಏರಿದರೂ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಅದರ ಜೊತೆ ಪೊಟ್ಯಾಶಿಯಂ ನೋಡಬೇಕು. ಏರಿದ ಸಂಖ್ಯೆ ನೋಡಿ ಹೆದರಿ ಮಾತ್ರೆ ಬಿಟ್ಟು ಕೂತವರು ಬಹಳ ಜನ.

ಆಮೇಲೆ ಸುಮಾರು 18 ವರ್ಷ ಹೊಸದೇನೂ ಬರಲಿಲ್ಲ. 2019ರಿಂದ ಚಿತ್ರ ಬದಲಾಯಿತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಒಂದು ಜಾತಿಯ ಮಾತ್ರೆಗಳಿವೆ, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ. ಶುಗರ್ ಇಳಿಸಲು ಬಂದವು, ಕಿಡ್ನಿ ಕಾಯುವುದರಲ್ಲಿ ಹೆಸರು ಮಾಡಿದವು. 2020ರ ಡಪಾಗ್ಲಿಫ್ಲೋಜಿನ್ ಪ್ರಯೋಗದಲ್ಲಿ ಕಿಡ್ನಿ ತೀರಾ ಕುಸಿಯುವುದು, ಡಯಾಲಿಸಿಸ್ ಮುಟ್ಟುವುದು, ಕಿಡ್ನಿ ಅಥವಾ ಹೃದಯದಿಂದ ಸಾಯುವುದು, ಇವೆಲ್ಲ ಸೇರಿ ನೂರಕ್ಕೆ 39ರಷ್ಟು ಕಡಿಮೆ ಆಯಿತು. ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಉಪಯೋಗ ಆಯಿತು. ಅದೇ ವರ್ಷ ನಮ್ಮ ದೇಶದಲ್ಲಿ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ಹತ್ತಾರು ಕಂಪನಿಗಳು ಅಗ್ಗದಲ್ಲಿ ಮಾಡತೊಡಗಿದವು. ಎಂಪಾಗ್ಲಿಫ್ಲೋಜಿನ್‌ಗೆ 2025ರ ಮಾರ್ಚಿನಲ್ಲಿ ಅದೇ ಆಯಿತು. ಆಮೇಲೆ ಫೈನೆರೆನೋನ್ ಅನ್ನುವ ಇನ್ನೊಂದು ಮಾತ್ರೆ ಬಂತು, 2024ರಲ್ಲಿ ಸೆಮಾಗ್ಲುಟೈಡ್ ಇಂಜೆಕ್ಷನ್ ಕೂಡ ಕಿಡ್ನಿಗೆ ಒಳ್ಳೆಯದು ಅಂತ ಗೊತ್ತಾಯಿತು. ಸೋರಿಕೆ ಶುರುವಿನಲ್ಲೇ ಸಿಕ್ಕರೆ ಇವತ್ತು ನನ್ನ ಕೈಯಲ್ಲಿ ಕೊಡಲು ಔಷಧಿ ಇದೆ. ಕ್ರಿಯಾಟಿನಿನ್ 6 ಆಗಿ ಬಂದವರಿಗೆ ಇವುಗಳಲ್ಲಿ ಬಹುಪಾಲನ್ನು ಹೊಸದಾಗಿ ಶುರು ಮಾಡುವ ಕಾಲ ಮೀರಿರುತ್ತದೆ. ಮೂತ್ರ ನೋಡಿ ಮೂತ್ರ ನೋಡಿ ಅಂತ ನಾನು ಗೊಣಗುವುದು ಇದಕ್ಕೇ.

ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಬರೆದುಕೊಟ್ಟರೆ ಎರಡು ಸಂಗತಿ ನೆನಪಿರಲಿ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ನವೆ, ಬಿಳಿ ಸ್ರಾವ ಬರಬಹುದು. ಹೆಂಗಸರು ನಾಚಿಕೆಯಿಂದ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಹೇಳಿ, ವಾರದಲ್ಲಿ ವಾಸಿ ಆಗುವಂಥದ್ದು ಅದು. ಇನ್ನೊಂದು, ವಾಂತಿ ಭೇದಿ ಆದ ದಿನ, ಏನೂ ತಿನ್ನಲು ಆಗದ ದಿನ, ಏಕಾದಶಿ ಅಂತ ನೀರೂ ಕುಡಿಯದೆ ಕೂರುವ ದಿನ ಈ ಮಾತ್ರೆ ತಗೊಳ್ಳಬಾರದು. ಮೆಟ್‌ಫಾರ್ಮಿನ್, ಬಿಪಿಯ ಕೆಲವು ಮಾತ್ರೆಗಳಿಗೂ ವಾಂತಿ ಭೇದಿಯ ದಿನ ಇದೇ ನಿಯಮ. ಯಾವುದು ಬಿಡಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಅಂತ ಮೊದಲೇ ಡಾಕ್ಟರ ಹತ್ತಿರ ಚೀಟಿಯಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸಿ.

ಊಟದ ಬಗ್ಗೆ ಕೇಳಿದ್ದೀರಿ. ಕಿಡ್ನಿ ಅಂದ ತಕ್ಷಣ ಹಣ್ಣು, ಬೇಳೆ, ತರಕಾರಿ ಎಲ್ಲ ಬಿಡಿಸಿ ಗಂಜಿ ಕುಡಿಸುವ ಮನೆಗಳಿವೆ. ಇಜಿಎಫ್‌ಆರ್ 58ರ ಹಂತದಲ್ಲಿ ಅದೇನೂ ಬೇಡ. ಪೊಟ್ಯಾಶಿಯಂ ರಕ್ತದಲ್ಲಿ ಏರಿದವರಿಗೆ ಮಾತ್ರ ಬಾಳೆಹಣ್ಣು, ಎಳನೀರು ಅಂತ ಕಟ್ಟುನಿಟ್ಟು ಬೇಕು. ಬೇಳೆ, ಮೀನು, ಮೊಟ್ಟೆ ಮಿತವಾಗಿ ಇರಲಿ, ಮೈತೂಕದ ಒಂದು ಕೆಜಿಗೆ 0.8 ಗ್ರಾಂ ಪ್ರೋಟೀನ್ ಅನ್ನುವುದು ಲೆಕ್ಕ. ನಮ್ಮ ಕಡೆ ಹೆಚ್ಚಿನ ಹೆಂಗಸರು ಅಷ್ಟೂ ತಿನ್ನುವುದಿಲ್ಲ. ಪ್ರೋಟೀನ್ ಪುಡಿ ಡಬ್ಬ ಬೇಡ.

ಬಿಡಬೇಕಾದದ್ದು ಉಪ್ಪು. ಮಲೆನಾಡಿನ ಅಡುಗೆಮನೆಯಲ್ಲಿ ಇದು ಸಣ್ಣ ಮಾತಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪಲ್ಲಿ ಹಾಕಿಟ್ಟ ಹಲಸಿನ ತೊಳೆ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಮೀನು ತಿನ್ನುವವರಲ್ಲಿ ಒಣಮೀನು. ಮಳೆಗಾಲದ ಊಟವೇ ಉಪ್ಪಿನ ಮೇಲೆ ನಿಂತಿದೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ. ಒಂದು ಮಿಡಿಯನ್ನು ಇಡೀ ಮನೆ ಹಂಚಿಕೊಂಡು ತಿನ್ನಿ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ನಮ್ಮ ಮನೆಯಲ್ಲೂ ಕೇಳಿಲ್ಲ. ಆದರೂ ಮಜ್ಜಿಗೆಗೆ ಉಪ್ಪು ಹಾಕುವುದನ್ನು, ಅನ್ನ ಮಾಡುವಾಗ ಉಪ್ಪು ಹಾಕುವುದನ್ನು ಬಿಟ್ಟು ಶುರು ಮಾಡಬಹುದು. ಉಪ್ಪಿನ ಬದಲು ಅಂತ ಮಾರುವ 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ, ಡಾಕ್ಟರನ್ನು ಕೇಳದೆ ಬೇಡ.

ಇನ್ನು ಹಿತ್ತಲಿನ ಎರಡು ಹಣ್ಣುಗಳ ಬಗ್ಗೆ ಖಡಕ್ಕಾಗಿ ಹೇಳುತ್ತೇನೆ. ಒಂದು ಧಾರೆಹುಳಿ, ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದಲ್ಲ, ಅದು. ಇನ್ನೊಂದು ಬಿಂಬುಳಿ. ಎರಡರಲ್ಲೂ ಆಕ್ಸಲೇಟ್ ವಿಪರೀತ. ಶುಗರ್‌ಗೆ, ಕೊಲೆಸ್ಟ್ರಾಲ್‌ಗೆ ಒಳ್ಳೆಯದು ಅಂತ ಬಿಂಬುಳಿ ರಸ ಕುಡಿದು ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದವರ ವರದಿಗಳು ಪಕ್ಕದ ಕೇರಳದಿಂದಲೇ ಬಂದಿವೆ. ಕಿಡ್ನಿ ಸೋತವರಲ್ಲಿ ಧಾರೆಹುಳಿ ಬಿಟ್ಟೂ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಹುದು, ಜೀವಕ್ಕೇ ಕುತ್ತಾಗಬಹುದು. ಸಾರಿಗೆ ಒಂದು ಹೋಳು ಬಿದ್ದದ್ದಕ್ಕೆ ಆರೋಗ್ಯವಂತರು ಹೆದರಬೇಕಿಲ್ಲ. ಆದರೆ ಡಯಾಲಿಸಿಸ್‌ನಲ್ಲಿರುವ ನಿಮ್ಮ ಯಜಮಾನರ ಸೋದರಮಾವನಿಗೆ ಧಾರೆಹುಳಿ ಒಂದು ಹೋಳೂ ಬೇಡ. ಅತ್ತೆಯವರಿಗೆ ಎರಡರ ರಸವೂ ಬೇಡ.

ನೀರು? ಬಾಯಾರಿಕೆ ಇದ್ದಷ್ಟು. ಕಿಡ್ನಿ ತೊಳೆಯಲಿ ಅಂತ ದಿನಕ್ಕೆ ಐದಾರು ಲೀಟರ್ ಕುಡಿಯುವುದು ಕಲ್ಲಿನವರಿಗೆ ಹೇಳಿದ್ದನ್ನು ಶುಗರ್‌ನವರು ಎತ್ತಿಕೊಂಡದ್ದು.

ಈಗ ಮಾಡಬೇಕಾದ್ದು ಹೇಳಿಬಿಡುತ್ತೇನೆ. ಅತ್ತೆಯವರಿಗೆ ಜ್ವರ, ಮೂತ್ರದ ಉರಿ ಯಾವುದೂ ಇಲ್ಲದ ಒಂದು ವಾರ ನೋಡಿಕೊಳ್ಳಿ. ಇವೆಲ್ಲ ಇದ್ದಾಗ, ಹಿಂದಿನ ದಿನ ವಿಪರೀತ ಮೈಮುರಿದು ಕೆಲಸ ಮಾಡಿದಾಗ, ಆಲ್ಬುಮಿನ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ, ಅದರಲ್ಲೂ ಮೊದಲ ಧಾರೆ ಬಿಟ್ಟು ನಡುವಿನದ್ದು, ಲ್ಯಾಬಿನ ಡಬ್ಬಿಯಲ್ಲೇ ಹಿಡಿಯಿರಿ, ಮನೆಯ ಔಷಧಿ ಬಾಟಲಿ ಬೇಡ. ಚೀಟಿಯಲ್ಲಿ 'ಯೂರಿನ್ ಎಸಿಆರ್' ಅಂತ ಬರೆಸಿ, ಬರೀ ಯೂರಿನ್ ಅಂತ ಬರೆದರೆ ಪಟ್ಟಿ ಅದ್ದಿ ಕಳಿಸುತ್ತಾರೆ. ಅದೇ ದಿನ ಕ್ರಿಯಾಟಿನಿನ್, ಪೊಟ್ಯಾಶಿಯಂ, ಹಿಮೋಗ್ಲೋಬಿನ್. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿ ಥರದ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ಖಾಸಗಿ ಲ್ಯಾಬ್‌ಗಳೂ ಇವೆ. ಎಸಿಆರ್ 30 ದಾಟಿದರೆ ಮೂರರಿಂದ ಆರು ತಿಂಗಳ ಒಳಗೆ ಇನ್ನೆರಡು ಸಲ ಮಾಡಿಸಬೇಕು. ಮೂರರಲ್ಲಿ ಎರಡು ಸಲ ಜಾಸ್ತಿ ಬಂದರೆ ಆಗ ನಿಜ ಅಂತ ಲೆಕ್ಕ. ಸರಿ ಇದ್ದರೆ ವರ್ಷಕ್ಕೊಮ್ಮೆ ಸಾಕು.

ಟೈಪ್ 2 ಶುಗರ್ ಪತ್ತೆಯಾದ ದಿನವೇ ಈ ಪರೀಕ್ಷೆ ಮಾಡಿಸಬೇಕು ಅನ್ನುವುದು ನಿಯಮ, ಯಾಕೆಂದರೆ ಪತ್ತೆಯಾಗುವ ಮೊದಲೇ ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ ಯಾರಿಗೆ ಗೊತ್ತು. ನಿಮ್ಮ ಯಜಮಾನರ ಶುಗರ್ ಬಗ್ಗೆ ನೀವು ಬರೆದಿಲ್ಲ. ತಾಯಿಗೂ ಸೋದರಮಾವನಿಗೂ ಇದೆ ಅಂದಮೇಲೆ, ಅತ್ತೆಯವರ ಮೂತ್ರದ ಡಬ್ಬಿ ಹಿಡಿದುಕೊಂಡು ಲ್ಯಾಬಿಗೆ ಹೋಗುವವರು ಅವರೇ ಆಗಿದ್ದರೆ, ಖಾಲಿ ಹೊಟ್ಟೆಯಲ್ಲಿ ಹೋಗಲು ಹೇಳಿ. ತಮ್ಮದೂ ಒಂದು ಫಾಸ್ಟಿಂಗ್ ಶುಗರ್ ಕೊಟ್ಟು, ಆಮೇಲೆ ಹೋಟೆಲಿಗೆ ಹೋಗಿ ದೋಸೆ ತಿಂದು ಬರಲಿ.